ಮೆಟ್ರೊ ಇಳಿದು ಬೆಟ್ಟ ಹತ್ತುವವರಿಗೆ

ಓದಿಗೋ ಕೆಲಸಕ್ಕೋ ದಕ್ಷಿಣ ಕೊರಿಯಾದ ಸಿಯೋಲ್‌ಗೆ ಹೋಗಿರುವವರು ಒಂದು ರಜೆಯನ್ನು ಬುಖಾನ್‌ಸಾನ್‌ಗೆ ಮೀಸಲಿಡಿ. ನಗರದ ಉತ್ತರದ ಅಂಚಿನಲ್ಲೇ ಎದ್ದಿರುವ ಈ ಬೆಟ್ಟಸಾಲು 1983ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮೆಟ್ರೊ ಬುಡದ ತನಕ ಹೋಗುತ್ತದೆ, ಪ್ರವೇಶ ಶುಲ್ಕವೂ ಇಲ್ಲ. ಇಷ್ಟು ಸಲೀಸಾಗಿ ಸಿಗುವುದರಿಂದಲೇ ಕೆಲವರು ಪಾರ್ಕಿನಲ್ಲಿ ಅಡ್ಡಾಡಲು ಬಂದಂತೆ ಚಪ್ಪಲಿಯಲ್ಲೇ ಬಂದುಬಿಡುತ್ತಾರೆ. ದಯವಿಟ್ಟು ಹಾಗೆ ಬರಬೇಡಿ.

ಮೊದಲು ಕಲ್ಲಿನ ಮಾತು. ಜುರಾಸಿಕ್ ಯುಗದಲ್ಲಿ ನೆಲದಾಳದ ಶಿಲಾರಸ ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಮೇಲಿದ್ದ ನೆಲ ಕೋಟ್ಯಂತರ ವರ್ಷ ಸವೆದಾಗ ಒತ್ತಡ ತಗ್ಗಿ, ಬಂಡೆ ಪದರಪದರವಾಗಿ ಕಳಚಿಕೊಂಡಿತು. ಶಿಖರಗಳು ಬೋಳಾಗಿ, ಗುಂಡಗೆ ಇರುವುದು ಅದಕ್ಕೇ. ಸಾವನದುರ್ಗ ಹತ್ತಿದ್ದರೆ ಇಂಥ ಬಂಡೆ ನಿಮ್ಮ ಪಾದಕ್ಕೆ ಗೊತ್ತು: ಒಣಗಿದ್ದರೆ ಹಿಡಿತ ಕೊಡುತ್ತದೆ, ನೆನೆದರೆ ಜಾರಿಸುತ್ತದೆ. ಮಳೆಯ ದಿನ ತುದಿಯ ಆಸೆ ಬಿಡಿ.

ಎಲ್ಲಕ್ಕಿಂತ ಎತ್ತರದ ಶಿಖರ ಬೆಗುಂದೆ, 836 ಮೀಟರ್. ಕೇಳಲು ಸಣ್ಣದು. ಆದರೆ ಸಿಯೋಲ್ ಸಮುದ್ರಮಟ್ಟಕ್ಕೆ ಹತ್ತಿರವಿರುವುದರಿಂದ ಅದರಲ್ಲಿ ಬಹುಪಾಲನ್ನು ನೀವೇ ಹತ್ತಬೇಕು. ಪೂರ್ವದಲ್ಲಿ ಬುಖಾನ್‌ಸಾನ್ ಉಯಿ ನಿಲ್ದಾಣದ ಕಡೆಯಿಂದ ದೂರ ಕಡಿಮೆ, ಏರು ಕಡಿದು. ಹೊಸಬರಿಗೆ ನಾನು ಹೇಳುವುದು ಪಶ್ಚಿಮದ ದಾರಿ. ಮೆಟ್ರೊ 3ನೇ ಮಾರ್ಗದ ಗುಪಾಬಲ್‌ನಲ್ಲಿ ಇಳಿದು, ಬಸ್ಸು ಹಿಡಿದು ಬುಖಾನ್‌ಸಾನ್‌ಸೊಂಗ್ ಕೋಟೆಯ ಬುಡಕ್ಕೆ ಹೋಗಿ, ಕಣಿವೆಯ ತೊರೆಯ ಪಕ್ಕದಲ್ಲೇ ನಡೆಯಿರಿ. ಸ್ವಲ್ಪ ಸುತ್ತು, ನಿಜ. ಕಾಲು ಹದಕ್ಕೆ ಬರಲು ಸಮಯ ಸಿಗುತ್ತದೆ, ಕೋಟೆಯನ್ನೂ ನೋಡಿದ ಹಾಗಾಗುತ್ತದೆ. ರಾಜಧಾನಿಗೆ ಶತ್ರು ನುಗ್ಗಿದರೆ ಆಶ್ರಯಕ್ಕಿರಲಿ ಎಂದು ಜೋಸನ್ ದೊರೆ ಸುಕ್ಜೊಂಗ್ 1711ರಲ್ಲಿ ಕಟ್ಟಿಸಿದ ಗೋಡೆ ಅದು. ಬೆಟ್ಟದ ಏಣು ಹೋದಲ್ಲೆಲ್ಲ ಅದೂ ಹೋಗಿದೆ. ಅವಸರವಿಲ್ಲದೆ ನೋಡಿ.

ಕೋಟೆಯ ಕೊನೆಯ ಬಾಗಿಲು ದಾಟಿದ ಮೇಲೆ ಬರೀ ಬಂಡೆ. ಉಕ್ಕಿನ ಹಗ್ಗ ಹಿಡಿದು ಹತ್ತಬೇಕು, ಕೈಗವಸು ಇರಲಿ. ಇಳಿಯುವವರೂ ಅದೇ ದಾರಿಯಲ್ಲಿ ಬರುತ್ತಾರೆ, ಪಕ್ಕಕ್ಕೆ ಸರಿದು ಜಾಗ ಕೊಡಿ. ಎತ್ತರ ನೋಡಿ ತಲೆ ಸುತ್ತುವವರು ಬಾಗಿಲ ಬಳಿಯೇ ಉಳಿದುಬಿಡಿ. ಅಲ್ಲಿಯ ತನಕ ಬಂದದ್ದೂ ಪೂರ್ಣ ಚಾರಣವೇ. ಮೇಲೆ ಹೋದವರಿಗೆ ಒಂದು ಕಡೆ ಇಡೀ ಸಿಯೋಲ್, ಇನ್ನೊಂದು ಕಡೆ ಶಿಲಾರೋಹಿಗಳು ಹಗ್ಗ ಹಾಕಿ ಏರುವ ಇನ್ಸುಬೊಂಗ್ ಬಂಡೆ.

ಎಲೆ ಕೆಂಪಾಗುವ ಅಕ್ಟೋಬರ್ ಕೊನೆಯಲ್ಲಿ ಶನಿವಾರ, ಭಾನುವಾರ ವಿಪರೀತ ಜನ. ವಾರದ ನಡುವೆ ಹೋಗಿ. ದಾರಿಯ ಊಟಕ್ಕೆ ಎಲ್ಲರೂ ಒಯ್ಯುವ ಕಿಂಬಾಪ್‌ನಲ್ಲಿ ಮಾಂಸವೋ ಮೀನೋ ಇರುವುದೇ ಹೆಚ್ಚು, ಸಸ್ಯಾಹಾರಿಗಳು ಕೇಳಿ ಕೊಳ್ಳಿ. ದಾರಿಯುದ್ದಕ್ಕೂ ಸಂಖ್ಯೆ ಬರೆದ ಫಲಕಗಳಿವೆ. ಹತ್ತುವಾಗಲೇ ಅವನ್ನು ಗಮನಿಸುತ್ತಿರಿ. ಕಾಲು ಉಳುಕಿದರೆ 119ಕ್ಕೆ ಕರೆ ಮಾಡಿ ಹತ್ತಿರದ ಫಲಕದ ಸಂಖ್ಯೆ ಹೇಳಿ. ನೀವಿರುವ ಜಾಗ ರಕ್ಷಣಾ ತಂಡಕ್ಕೆ ತಿಳಿಯುತ್ತದೆ.