ಒಂದೇ ಹೆಸರಿನ ಹಲವು ಆಟಗಳು: ‘ಸೈಬರ್‌ಪಂಕ್ 2077’ ಕಲಿಸಿದ್ದು

‘ಸೈಬರ್‌ಪಂಕ್ 2077’ ಪೋಲೆಂಡಿನ ವಾರ್ಸಾ ನಗರದ ಸಿಡಿ ಪ್ರಾಜೆಕ್ಟ್ ರೆಡ್ ಸ್ಟುಡಿಯೊ ತಯಾರಿಸಿದ ಓಪನ್ ವರ್ಲ್ಡ್ ವಿಡಿಯೊ ಗೇಮ್. 2020ರ ಡಿಸೆಂಬರ್ 10ರಂದು ಬಿಡುಗಡೆಯಾಯಿತು. ಓಪನ್ ವರ್ಲ್ಡ್ ಆಟದಲ್ಲಿ ಒಂದು ಹಂತ ಮುಗಿದ ಮೇಲೆ ಇನ್ನೊಂದು ಎಂಬ ಕಟ್ಟುಪಾಡಿಲ್ಲ. ಇಡೀ ಊರು ಆಟಗಾರನ ಮುಂದೆ ತೆರೆದಿರುತ್ತದೆ, ಬೇಕಾದ ಕಡೆ ಅಲೆಯಬಹುದು. ಇಲ್ಲಿನ ಊರು ನೈಟ್ ಸಿಟಿ, ಕ್ಯಾಲಿಫೋರ್ನಿಯಾದ ಕಲ್ಪಿತ ನಗರ. ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ಹೊರತಂದ, ಮೇಜಿನ ಸುತ್ತ ಕೂತು ಆಡುವ ಪಾತ್ರಾಭಿನಯದ ಆಟವೊಂದು ಇದಕ್ಕೆ ಮೂಲ. ದೇಹಕ್ಕೆ ಯಂತ್ರದ ಅಂಗ ಜೋಡಿಸಿಕೊಂಡ ಜನ, ಸರ್ಕಾರವನ್ನೇ ಮೀರಿ ಬೆಳೆದ ಕಂಪನಿಗಳು, ‘ವಿ’ ಎಂಬ ಬಾಡಿಗೆ ಬಂಟ, ಆ ಬಂಟನ ತಲೆಯೊಳಗೆ ಬಂದು ನೆಲೆಸುವ ಸತ್ತ ರಾಕ್ ಗಾಯಕ ಜಾನಿ ಸಿಲ್ವರ್‌ಹ್ಯಾಂಡ್: ಇಷ್ಟು ಇದರ ಲೋಕ.

ಈ ಆಟಕ್ಕಾಗಿ ಜನ ಎಂಟು ವರ್ಷ ಕಾದರು. 2012ರಲ್ಲಿ ಘೋಷಣೆ, 2013ರ ಆರಂಭದಲ್ಲಿ ಮೊದಲ ಟ್ರೇಲರ್. ನಡುವೆ 2015ರಲ್ಲಿ ಇದೇ ಸ್ಟುಡಿಯೊದ ‘ವಿಚರ್ 3’ ಬಂದು ಅಪಾರ ಮನ್ನಣೆ ಪಡೆಯಿತು. ನಿರೀಕ್ಷೆಯ ಬಹುಪಾಲು ಹುಟ್ಟಿದ್ದು ಜಾಹೀರಾತಿನಿಂದಲ್ಲ, ಆ ಹಳೆಯ ಆಟ ಗಳಿಸಿಕೊಟ್ಟ ನಂಬಿಕೆಯಿಂದ. 2019ರಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದ ವೇದಿಕೆಗೆ ನಟ ಕಿಯಾನು ರೀವ್ಸ್ ಬಂದು, ತಾನೇ ಜಾನಿಯ ಪಾತ್ರಧಾರಿ ಎಂದಾಗ ಸಭೆ ಹುಚ್ಚೆದ್ದು ಕೂಗಿತು. ಅದೇ ವೇದಿಕೆಯಲ್ಲಿ ಸಾರಿದ 2020ರ ಏಪ್ರಿಲ್ ಬಿಡುಗಡೆ ಮೊದಲು ಸೆಪ್ಟೆಂಬರಿಗೆ, ಬಳಿಕ ನವೆಂಬರಿಗೆ, ಕೊನೆಗೆ ಡಿಸೆಂಬರಿಗೆ ಸರಿಯಿತು. ಅಷ್ಟರಲ್ಲಿ ಮುಂಗಡ ಖರೀದಿ 80 ಲಕ್ಷ ದಾಟಿತ್ತು. ಅಷ್ಟು ಜನ ಆಡಿ ನೋಡದ ವಸ್ತುವಿಗೆ ಪೂರ್ತಿ ಬೆಲೆಗೆ ಒಪ್ಪಿಕೊಂಡಿದ್ದರು.

ಬಿಡುಗಡೆಯ ವಾರ ಕೇಳಿಬಂದ ಮಾತುಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಒಬ್ಬರು ಇಂಥ ನಗರವನ್ನು ಹಿಂದೆ ಕಂಡಿಲ್ಲವೆಂದರು. ಇನ್ನೊಬ್ಬರು ಆಟ ಗಂಟೆಗೊಮ್ಮೆ ನಿಂತುಹೋಗುತ್ತದೆಂದರು. ಇದನ್ನು ಅಭಿರುಚಿಯ ಭೇದ ಎಂದು ತಳ್ಳಿಹಾಕುವಂತಿಲ್ಲ. ಅವರಿಬ್ಬರೂ ಆಡಿದ್ದು ಒಂದೇ ಹೆಸರಿನ ಎರಡು ಬೇರೆ ಆಟಗಳನ್ನು.

ಕಾರಣ ಯಂತ್ರದಲ್ಲಿತ್ತು. ಓಪನ್ ವರ್ಲ್ಡ್ ನಗರ ಒಮ್ಮೆಗೇ ಮೆಮೊರಿಯಲ್ಲಿ ಹಿಡಿಸುವುದಿಲ್ಲ. ಆಟಗಾರ ಮುಂದೆ ಸಾಗಿದಂತೆ ಮುಂದಿನ ಬೀದಿ, ಕಟ್ಟಡ, ಜನರನ್ನು ಡಿಸ್ಕಿನಿಂದ ಓದಿ ತರಬೇಕು. ದಾಟಿ ಬಂದ ಬೀದಿಯನ್ನು ಅಳಿಸಬೇಕು. ವೇಗವಾಗಿ ಕಾರು ಓಡಿಸಿದರೆ ಓದುವ ವೇಗವೂ ಏರಬೇಕು. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಕನ್ಸೋಲ್‌ಗಳಲ್ಲಿದ್ದದ್ದು ತಿರುಗುವ ತಟ್ಟೆಯ ನಿಧಾನದ ಹಾರ್ಡ್ ಡಿಸ್ಕ್. ಹೀಗಾಗಿ ಗೋಡೆಗಳು ಮೊದಲು ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುತ್ತಿದ್ದವು, ರಸ್ತೆಗಳು ಬಿಕೋ ಎನ್ನುತ್ತಿದ್ದವು, ಪಾದಚಾರಿಗಳು ಶೂನ್ಯದಿಂದ ಮೂಡುತ್ತಿದ್ದರು, ಕೆಲವೊಮ್ಮೆ ಆಟವೇ ಕುಸಿಯುತ್ತಿತ್ತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಮತ್ತು ವೇಗದ ಎಸ್‌ಎಸ್‌ಡಿ ಇರುವ ಕಂಪ್ಯೂಟರಿನಲ್ಲಿಯೂ ಬಗ್‌ಗಳಿಗೆ ಕೊರತೆ ಇರಲಿಲ್ಲ, ಆದರೆ ನಗರ ನಗರವಾಗಿಯೇ ಕಾಣುತ್ತಿತ್ತು. 2021ರ ಜನವರಿಯಲ್ಲಿ ಸಂಸ್ಥಾಪಕರಲ್ಲೊಬ್ಬರಾದ ಮಾರ್ಚಿನ್ ಇವಿನ್ಸ್ಕಿ ವಿಡಿಯೊದಲ್ಲಿ ಕ್ಷಮೆ ಕೇಳಿದಾಗ, ಹಳೆಯ ಕನ್ಸೋಲ್‌ಗಳಿಗೆ ಈ ನಗರವನ್ನು ಹೊಂದಿಸುವುದು ಎಷ್ಟು ಕಠಿಣ ಎಂಬುದನ್ನು ಕಡಿಮೆ ಅಂದಾಜು ಮಾಡಿದ್ದಾಗಿ ಒಪ್ಪಿಕೊಂಡರು.

ತಾಂತ್ರಿಕ ದೋಷಕ್ಕಿಂತ ಹೆಚ್ಚು ನೋಯಿಸಿದ್ದು ಅದನ್ನು ಮರೆಯಲ್ಲಿಟ್ಟ ರೀತಿ. ಬಿಡುಗಡೆಗೆ ಮುನ್ನ ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ತಾವೇ ಆಡಿ ಚಿತ್ರೀಕರಿಸಿದ ದೃಶ್ಯಗಳನ್ನು ಆ ಮೊದಲ ವಿಮರ್ಶೆಗಳಲ್ಲಿ ತೋರಿಸುವ ಅವಕಾಶವೂ ಅವರಿಗಿರಲಿಲ್ಲ. ಮೊದಲು ಹೊರಬಿದ್ದ ಎತ್ತರದ ಅಂಕಗಳು ಸುಳ್ಳಲ್ಲ, ಆದರೆ ಹಳೆಯ ಕನ್ಸೋಲ್ ಇಟ್ಟುಕೊಂಡವರಿಗೆ ಅವು ಏನನ್ನೂ ಹೇಳುತ್ತಿರಲಿಲ್ಲ. ಬಿಡುಗಡೆಯಾಗಿ ವಾರ ಕಳೆಯುವಷ್ಟರಲ್ಲಿ ಸೋನಿ ತನ್ನ ಡಿಜಿಟಲ್ ಅಂಗಡಿಯಿಂದ ಆಟವನ್ನು ತೆಗೆದು, ಹಣ ಹಿಂದಿರುಗಿಸುವುದಾಗಿ ಪ್ರಕಟಿಸಿತು. ಆಟ ಅಲ್ಲಿಗೆ ಮರಳಿದ್ದು 2021ರ ಜೂನ್‌ನಲ್ಲಿ. ಆದರೂ 2020ರ ಡಿಸೆಂಬರ್ 20ರ ಹೊತ್ತಿಗೇ 1.3 ಕೋಟಿ ಪ್ರತಿಗಳು ಮಾರಾಟವಾಗಿದ್ದವು.

ಯಂತ್ರಕ್ಕೆ ಸಂಬಂಧಪಡದ ಇನ್ನೊಂದು ಒಡಕೂ ಇತ್ತು, ಅದು ಹೆಚ್ಚು ಕುತೂಹಲದ್ದು. ಆಟದ ಆರಂಭದಲ್ಲಿ ‘ವಿ’ಯ ಹಿನ್ನೆಲೆ ಆರಿಸಿಕೊಳ್ಳಬೇಕು: ಅಲೆಮಾರಿ, ಬೀದಿಯ ಹುಡುಗ ಅಥವಾ ಕಂಪನಿಯ ನೌಕರ. ಈ ಆಯ್ಕೆ ಇಡೀ ಕಥೆಯನ್ನೇ ಬದಲಿಸುತ್ತದೆಂದು ನಂಬಿದವರಿದ್ದರು. ಆದರೆ ಆರಂಭದ ಕೆಲವು ದೃಶ್ಯಗಳ ಬಳಿಕ ಮೂರೂ ದಾರಿಗಳು ಒಂದಾಗುತ್ತವೆ, ಮುಂದೆ ಉಳಿಯುವುದು ಅಲ್ಲಲ್ಲಿ ಬೇರೆಯಾದ ಸಂಭಾಷಣೆಯಷ್ಟೆ. ತಪ್ಪು ಮಾಡಿದರೆ ಪೊಲೀಸರು ದೂರದಿಂದ ಬಾರದೆ ಬೆನ್ನ ಹಿಂದೆಯೇ ಪ್ರತ್ಯಕ್ಷರಾಗುತ್ತಿದ್ದರು. ಕಾರಿನಲ್ಲಿ ಅಟ್ಟಿಸಿಕೊಂಡು ಬರುವುದು ಅವರಿಗೆ ತಿಳಿದೇ ಇರಲಿಲ್ಲ. ಊರೇ ತನ್ನ ನಡೆಗೆ ಸ್ಪಂದಿಸಬೇಕೆಂದು ಬಯಸಿದ ಆಟಗಾರನಿಗೆ ನೈಟ್ ಸಿಟಿ ಬಣ್ಣದ ಪರದೆಯಂತೆ ಕಂಡಿತು. ಕಥೆಗಾಗಿ ಬಂದವನಿಗೆ ಅದೇ ಆಟ ತುಂಬಿ ಕೊಟ್ಟಿತು: ಜೂಡಿ, ಪನಮ್‌ರಂಥ ಒಡನಾಡಿಗಳು, ಸಾವು ಹತ್ತಿರವಾಗುತ್ತಿರುವ ‘ವಿ’ಯ ತಳಮಳ, ಎದುರಿಗಿರುವವರ ಕಣ್ಣಲ್ಲಿ ಕಣ್ಣಿಟ್ಟು ನಡೆಯುವ ಮಾತುಕತೆ. ಈ ಬರವಣಿಗೆ ಆ ಕಾಲದ ದೊಡ್ಡ ಆಟಗಳಲ್ಲಿ ಅಪರೂಪದ್ದು, ದೋಷಗಳ ಗದ್ದಲದಲ್ಲಿ ಅದಕ್ಕೆ ತಕ್ಕ ಗಮನ ಸಿಗಲಿಲ್ಲ.

ಈ ಪ್ರಸಂಗದಿಂದ ಆಟಗಾರರು ಕಲಿತದ್ದು ಬಹಳ ಪ್ರಾಯೋಗಿಕ ವಿಷಯ. ಸರಾಸರಿ ಅಂಕಕ್ಕಿಂತ, ತಮ್ಮಲ್ಲಿರುವ ಯಂತ್ರದಲ್ಲೇ ಯಾರೋ ಆಡಿ ಚಿತ್ರೀಕರಿಸಿದ ದೃಶ್ಯ ಹೆಚ್ಚು ಹೇಳುತ್ತದೆ. ಈ ಲೇಖಕನೂ ಈಗ ಆಟ ಕೊಳ್ಳುವ ಮುನ್ನ ಅದನ್ನೇ ಹುಡುಕುತ್ತಾನೆ. ಡಿಜಿಟಲ್ ಆಟದ ಪ್ರತಿ ಎಂದೂ ಮುಗಿದುಹೋಗುವುದಿಲ್ಲ, ಆದ್ದರಿಂದ ಮುಂಗಡ ಕೊಡುವ ಅವಸರಕ್ಕೆ ಅರ್ಥವಿಲ್ಲ. ಮೆಚ್ಚಿದವರ ಮಾತಾಗಲಿ ಬೈದವರ ಮಾತಾಗಲಿ, ಅವರು ಯಾವುದರಲ್ಲಿ ಆಡಿದರು, ಏನನ್ನು ಬಯಸಿ ಬಂದಿದ್ದರು ಎಂದು ತಿಳಿಯದೆ ತೂಗಲಾಗದು.

ದುರಸ್ತಿ ವರ್ಷಗಟ್ಟಲೆ ನಡೆಯಿತು. 2022ರ ಫೆಬ್ರುವರಿಯ 1.5 ಪ್ಯಾಚ್ ಹೊಸ ಕನ್ಸೋಲ್‌ಗಳಿಗೆಂದೇ ಆವೃತ್ತಿ ತಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಎಡ್ಜ್‌ರನ್ನರ್ಸ್’ ಎಂಬ ಅನಿಮೆ ಸರಣಿ ಬಂದು, ಬಿಟ್ಟುಹೋದವರನ್ನೂ ಹೊಸಬರನ್ನೂ ಆಟಕ್ಕೆ ಕರೆತಂದಿತು. 2023ರ ಸೆಪ್ಟೆಂಬರಿನ 2.0 ಪ್ಯಾಚ್ ಪೊಲೀಸರನ್ನೂ ಕೌಶಲಗಳ ವ್ಯವಸ್ಥೆಯನ್ನೂ ಹೊಸದಾಗಿ ಕಟ್ಟಿತು, ಕಾರಿನಲ್ಲಿ ಕೂತು ಹೋರಾಡುವ ಅವಕಾಶ ಕೊಟ್ಟಿತು. ಅದರ ಬೆನ್ನಿಗೇ ‘ಫ್ಯಾಂಟಮ್ ಲಿಬರ್ಟಿ’ ಎಂಬ ವಿಸ್ತರಣೆ ಬಂದು ಮೆಚ್ಚುಗೆ ಪಡೆಯಿತು. ಮೂರು ಹಿನ್ನೆಲೆಗಳು ಬೇಗನೆ ಒಂದಾಗುವುದು ಮಾತ್ರ ಹಾಗೆಯೇ ಉಳಿಯಿತು, ಆ ದೂರು ಇಂದಿಗೂ ಇದೆ. 2.0 ಪ್ಯಾಚಾಗಲಿ ‘ಫ್ಯಾಂಟಮ್ ಲಿಬರ್ಟಿ’ಯಾಗಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗಳಿಗೆ ಬರಲಿಲ್ಲ. 2022ರ 1.6ರ ಬಳಿಕ ಆ ಯಂತ್ರಗಳಿಗೆ ದೊಡ್ಡ ಪ್ಯಾಚ್ ಸಿಗದ ಕಾರಣ, ಮೊದಲ ದಿನ ಅತಿ ಹೆಚ್ಚು ನಷ್ಟಪಟ್ಟವರು ಇತರರು ಹೊಗಳುವ ಆಟವನ್ನು ಆಡಬೇಕಾದರೆ ಬೇರೆ ಯಂತ್ರವನ್ನೇ ಕೊಳ್ಳಬೇಕಾಯಿತು.