ತಿಂಗಳ ಚಂದಾ ಕಟ್ಟಿ ಡಾಕ್ಟರನ್ನು ಹಿಡಿಯಿರಿ: ಒಂಬತ್ತು ಸೂತ್ರಗಳು

ಅಮೆರಿಕದಲ್ಲಿ ಕೆಮ್ಮಿಗೆ ಔಷಧಿ ಬರೆಸಿಕೊಳ್ಳಲು ಹೋದರೂ ರೋಗಿಗೂ ಡಾಕ್ಟರಿಗೂ ನಡುವೆ ವಿಮಾ ಕಂಪನಿ ಇರುತ್ತದೆ. ಬಿಲ್ ಎಷ್ಟಾದೀತೆಂದು ಎದುರಿಗೆ ಕೂತ ಡಾಕ್ಟರೂ ಸಾಮಾನ್ಯವಾಗಿ ಹೇಳಲಾರರು. ಇದಕ್ಕೆ ಬೇಸತ್ತ ಕೆಲವು ವೈದ್ಯರು ವಿಮೆಯ ಸಹವಾಸವನ್ನೇ ಬಿಟ್ಟು ‘ಡೈರೆಕ್ಟ್ ಪ್ರೈಮರಿ ಕೇರ್’, ಅಂದರೆ ಡಿಪಿಸಿ, ಶುರುಮಾಡಿದರು. ತಿಂಗಳಿಗಿಷ್ಟು ಎಂದು ಚಂದಾವನ್ನು ನೇರವಾಗಿ ಕ್ಲಿನಿಕ್ಕಿಗೆ ಕಟ್ಟಬೇಕು. ದೊಡ್ಡವರಿಗೆ ಬಹಳ ಕಡೆ 50ರಿಂದ 100 ಡಾಲರ್. ಅಲ್ಲಿಗೆ ಸಾಮಾನ್ಯ ಭೇಟಿಗಳ ಲೆಕ್ಕ ಮುಗಿಯಿತು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಇದಕ್ಕೆ ಸೇರುವ ಮುನ್ನ ಮತ್ತು ಸೇರಿದ ಮೇಲೆ ಗಮನಿಸಬೇಕಾದ ಒಂಬತ್ತು ಸಂಗತಿಗಳು ಇಲ್ಲಿವೆ.

1. ಚಂದಾ ಬೇರೆ, ವಿಮೆ ಬೇರೆ
ಮಿಕ್ಕೆಲ್ಲ ಮರೆತರೂ ಇದನ್ನು ಮರೆಯಬೇಡಿ. ಜ್ವರ, ಬಿಪಿ, ಶುಗರ್, ಸಣ್ಣಪುಟ್ಟ ಗಾಯದ ಹೊಲಿಗೆ, ಫೋನಿನಲ್ಲಿ ಸಲಹೆ, ಇವು ಚಂದಾದಲ್ಲಿ ಬರುತ್ತವೆ. ಆಸ್ಪತ್ರೆ ವಾಸ, ಆಪರೇಷನ್, ಕ್ಯಾನ್ಸರ್ ಚಿಕಿತ್ಸೆ ಬರುವುದಿಲ್ಲ. ಡಿಪಿಸಿ ವಿಮೆಯಲ್ಲ ಎಂದು ವಾಷಿಂಗ್ಟನ್ ರಾಜ್ಯ 2007ರಲ್ಲೇ ಕಾನೂನು ಮಾಡಿತು. ಆದ್ದರಿಂದ ಡಿಡಕ್ಟಿಬಲ್ (ವಿಮೆ ಹಣ ಕೊಡುವ ಮುನ್ನ ನೀವೇ ಭರಿಸಬೇಕಾದ ಮೊತ್ತ) ಹೆಚ್ಚಿದ್ದರೂ ಪರವಾಗಿಲ್ಲ, ಒಂದು ವಿಮಾ ಪಾಲಿಸಿ ಕೈಯಲ್ಲಿರಲಿ. ಡಿಪಿಸಿಯಲ್ಲಿ ನೀವು ಕೊಳ್ಳುವುದು ಡಾಕ್ಟರ ಸಮಯ. ಅಪೆಂಡಿಕ್ಸ್ ಒಡೆದ ರಾತ್ರಿ ಆಸ್ಪತ್ರೆಯ ಬಿಲ್ ಕಟ್ಟಲು ಅದು ಒದಗುವುದಿಲ್ಲ.

2. ವರ್ಷದ ಲೆಕ್ಕ ಹಾಕಿ
ತಿಂಗಳಿಗೆ 80 ಡಾಲರ್ ಎಂದರೆ ವರ್ಷಕ್ಕೆ 960. ಕಂಪನಿಯ ವಿಮೆ ಚೆನ್ನಾಗಿದ್ದು, ವರ್ಷಕ್ಕೊಮ್ಮೆ ತಪಾಸಣೆಗೆ ಮಾತ್ರ ಹೋಗುವವರಿಗೆ ಇದು ದಂಡ. ಆ ತಪಾಸಣೆ ಬಹುತೇಕ ಪಾಲಿಸಿಗಳಲ್ಲಿ ಹೇಗೂ ಉಚಿತ. ಲಾಭ ಯಾರಿಗೆಂದರೆ ಬಿಪಿ, ಶುಗರ್, ಥೈರಾಯ್ಡ್‌ಗೆ ಪದೇ ಪದೇ ಡಾಕ್ಟರನ್ನು ಕಾಣಬೇಕಾದವರಿಗೆ, ಚಿಕ್ಕ ಮಕ್ಕಳಿರುವ ಮನೆಗಳಿಗೆ, ಸ್ವಂತ ಉದ್ಯೋಗ ಮಾಡುತ್ತ ದೊಡ್ಡ ಡಿಡಕ್ಟಿಬಲ್ ಹೊತ್ತವರಿಗೆ.

3. ಎಷ್ಟು ರೋಗಿಗಳು ಎಂದು ಕೇಳಿ
ಮಾಮೂಲಿ ಫ್ಯಾಮಿಲಿ ಡಾಕ್ಟರ ಪಟ್ಟಿಯಲ್ಲಿ 2,000ಕ್ಕೂ ಹೆಚ್ಚು ಜನ ಇರುವುದುಂಟು. ಡಿಪಿಸಿ ವೈದ್ಯರು ಅದನ್ನು ಸುಮಾರು 600ಕ್ಕೆ ನಿಲ್ಲಿಸುತ್ತಾರೆ. ಅರ್ಧ ಗಂಟೆ ಕೂತು ಮಾತಾಡಲು ಅವರಿಗೆ ಪುರುಸೊತ್ತು ಸಿಗುವುದು ಇದರಿಂದಲೇ. ಪಟ್ಟಿ ಉದ್ದವಾಗಿದ್ದರೆ ಹಳೆಯ ಗಡಿಬಿಡಿಗೇ ಹೊಸದಾಗಿ ಚಂದಾ ಕಟ್ಟಿದಂತೆ. ಡಾಕ್ಟರು ರಜೆ ಹಾಕಿದಾಗ ಯಾರು ನೋಡುತ್ತಾರೆ ಎಂಬುದನ್ನೂ ಕೇಳಿಬಿಡಿ.

4. ಕಾನ್ಸಿಯರ್ಜ್ ಜೊತೆ ಬೆರೆಸಬೇಡಿ
ಸಿರಿವಂತರಿಗೆಂದು 1996ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ್ದು ಕಾನ್ಸಿಯರ್ಜ್ ವೈದ್ಯ ಪದ್ಧತಿ. ಅಲ್ಲೂ ಸದಸ್ಯತ್ವ ಶುಲ್ಕವಿದೆ, ಆದರೆ ದುಬಾರಿ. ಅದರ ಮೇಲೆ ಬಹಳ ಕಡೆ ವಿಮೆಗೂ ಬಿಲ್ ಹೋಗುತ್ತದೆ. “ನೀವು ವಿಮೆಗೆ ಬಿಲ್ ಕಳಿಸುತ್ತೀರಾ?” ಎಂಬ ಒಂದೇ ಪ್ರಶ್ನೆ ಸಾಕು. ಹೌದು ಎಂದರೆ ಅದು ಡಿಪಿಸಿ ಅಲ್ಲ.

5. ಮಾತ್ರೆ, ಲ್ಯಾಬ್‌ಗಳ ದರಪಟ್ಟಿ ನೋಡಿ
ನಿಜವಾದ ಉಳಿತಾಯ ಎಷ್ಟೋ ಸಲ ಇಲ್ಲೇ ಇರುತ್ತದೆ. ಕ್ಯಾನ್ಸಸ್‌ನ ವಿಚಿಟಾದಲ್ಲಿ 2010ರಲ್ಲಿ ಆರಂಭವಾದ ಅಟ್ಲಾಸ್ ಎಂಡಿ ಕ್ಲಿನಿಕ್ ಮಾತ್ರೆಗಳನ್ನು ಸಗಟು ದರದಲ್ಲೇ ಕೊಡುತ್ತ ಹೆಸರಾಯಿತು. ಡಾಕ್ಟರು ಔಷಧಿ ಮಾರುವುದಕ್ಕೆ ಕೆಲವು ರಾಜ್ಯಗಳಲ್ಲಿ ಕಟ್ಟುನಿಟ್ಟಿದೆ, ನಿಮ್ಮ ರಾಜ್ಯದ ನಿಯಮ ವಿಚಾರಿಸಿ. ರಕ್ತ ಪರೀಕ್ಷೆಗೆ ನಗದು ದರ ಎಷ್ಟು, ಯಾವುದು ಚಂದಾದಲ್ಲೇ ಸೇರಿದೆ ಎಂದು ಬರೆದುಕೊಡಲು ಹೇಳಿ.

6. ಎಚ್‌ಎಸ್‌ಎ ಮಿತಿ ನೆನಪಿರಲಿ
ಡಿಪಿಸಿ ಸೇರಿದರೆ ವೈದ್ಯಕೀಯ ಖರ್ಚಿಗೆಂದು ಹಣ ಕೂಡಿಟ್ಟು ತೆರಿಗೆ ಉಳಿಸುವ ಎಚ್‌ಎಸ್‌ಎ ಖಾತೆಗೆ ತೊಡಕು ಎಂಬ ಆತಂಕ ಬಹಳ ಕಾಲ ಇತ್ತು. 2025ರ ಜುಲೈನಲ್ಲಿ ಸಹಿಯಾದ ಕಾನೂನು 2026ರ ಜನವರಿ 1ರಿಂದ ಅದನ್ನು ಸಡಿಲಿಸಿದೆ. ಆದರೆ 2026ರ ಮಿತಿಯಂತೆ ತಿಂಗಳ ಚಂದಾ ಒಬ್ಬರಿಗೆ 150 ಡಾಲರ್, ಕುಟುಂಬಕ್ಕೆ 300 ಡಾಲರ್ ಮೀರಬಾರದು. ಮೀರಿದರೆ ಆ ಖಾತೆಗೆ ಹಣ ಹಾಕುವ ಅರ್ಹತೆಗೇ ಕುತ್ತು.

7. ಊರಿಂದ ಬರುವ ಅಪ್ಪ ಅಮ್ಮನಿಗೆ ಯೋಚಿಸಿ
ಮಗಳ ಬಾಣಂತನಕ್ಕೆಂದು ಬಂದ ಅಮ್ಮನ ಬಿಪಿ ಏರಿದರೆ? ಸಂದರ್ಶಕರ ವಿಮೆ ಸಾಮಾನ್ಯವಾಗಿ ಹಳೆಯ ಕಾಯಿಲೆಯ ನಿತ್ಯದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಗ್ರೀನ್ ಕಾರ್ಡ್ ಮೇಲೆ ಬಂದ ಹಿರಿಯರೂ, ಅಮೆರಿಕದಲ್ಲಿ ದುಡಿಮೆಯ ದಾಖಲೆ ಇಲ್ಲದಿದ್ದರೆ, ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ ಐದು ವರ್ಷ ಕಾಯಬೇಕು. ಇಂಥಲ್ಲಿ ಕೆಲವು ತಿಂಗಳ ಡಿಪಿಸಿ ಚಂದಾ ಅನುಕೂಲ. ಕನಿಷ್ಠ ಎಷ್ಟು ತಿಂಗಳು ಕಟ್ಟಬೇಕು, ನೋಂದಣಿ ಶುಲ್ಕ ಎಷ್ಟು ಎಂದು ಮೊದಲೇ ತಿಳಿಯಿರಿ. ಭಾರತದ ಬ್ರಾಂಡ್ ಹೆಸರುಗಳು ಅಮೆರಿಕದಲ್ಲಿ ಗುರುತು ಸಿಗುವುದಿಲ್ಲ. ಹೊರಡುವ ಮುನ್ನವೇ ಮಾತ್ರೆಗಳ ಜೆನೆರಿಕ್ ಹೆಸರು ಮತ್ತು ಪ್ರಮಾಣವನ್ನು ಡಾಕ್ಟರಿಂದ ಬರೆಸಿಕೊಂಡು ಬರಲಿ. ಸಂದರ್ಶಕರ ವಿಮೆಯನ್ನಂತೂ ಬಿಡಬೇಡಿ. ಜಾರಿ ಬಿದ್ದು ಸೊಂಟ ಮುರಿದರೆ ಅದೇ ಗತಿ.

8. ವರ್ಷದ ದುಡ್ಡು ಮುಂಗಡ ಕಟ್ಟಬೇಡಿ
ಸಿಯಾಟಲ್‌ನ ಕ್ವಿಲಿಯೆನ್ಸ್ ಈ ಕ್ಷೇತ್ರದ ದೊಡ್ಡ ಹೆಸರಾಗಿತ್ತು. ಜೆಫ್ ಬೆಜೋಸ್, ಮೈಕೆಲ್ ಡೆಲ್ ಅಂಥವರ ಬಂಡವಾಳವೂ ಇತ್ತು. ಆದರೂ 2017ರಲ್ಲಿ ಬಾಗಿಲು ಹಾಕಿತು. ರಿಯಾಯಿತಿಯ ಆಸೆಗೆ ಬೀಳದೆ ತಿಂಗಳು ತಿಂಗಳು ಕಟ್ಟಿ. ಸದಸ್ಯತ್ವ ರದ್ದು ಮಾಡುವ ಷರತ್ತನ್ನು ಸಹಿಗೆ ಮೊದಲೇ ಓದಿ. ನಿಮ್ಮ ವೈದ್ಯಕೀಯ ದಾಖಲೆಗಳ ಪ್ರತಿ ನಿಮ್ಮಲ್ಲೂ ಇರಲಿ.

9. ಸಂಕೋಚ ಬಿಟ್ಟು ಬಳಸಿ
“ಇಷ್ಟು ಸಣ್ಣದಕ್ಕೆ ಡಾಕ್ಟರಿಗೇಕೆ ತೊಂದರೆ” ಎನ್ನುವುದು ನಮ್ಮವರ ಜಾಯಮಾನ. ಚಂದಾ ಕಟ್ಟಿದ ಮೇಲೆ ಆ ಮಾತು ಬೇಡ. ಮೊದಲ ಭೇಟಿಗೆ ದೀರ್ಘ ಸಮಯ ಕೇಳಿ. ಮನೆತನದ ಕಾಯಿಲೆಗಳು, ಈಗಿನ ಮಾತ್ರೆಗಳು, ನಿದ್ದೆ, ಊಟ ಎಲ್ಲವನ್ನೂ ಪಟ್ಟಿ ಮಾಡಿಕೊಂಡು ಹೋಗಿ. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಫೋಟೊ ಕಳಿಸಿ ವಿಚಾರಿಸಿ. ಎದೆನೋವು ಬಂದಾಗ ಮಾತ್ರ ಸಂದೇಶ ಕಳಿಸುತ್ತ ಕೂರದೆ 911ಕ್ಕೆ ಕರೆ ಮಾಡಿ. ವರ್ಷ ಮುಗಿದಾಗ ಭೇಟಿ, ಕರೆ, ಸಂದೇಶಗಳನ್ನು ಎಣಿಸಿ ನೋಡಿ. ಡಾಕ್ಟರ ಸಮಯವನ್ನು ಬಳಸಿದ್ದರೆ ಮುಂದುವರಿಸಿ. ಬಳಸಿಲ್ಲದಿದ್ದರೆ ಚಂದಾ ನಿಲ್ಲಿಸಿ. ವಿಮೆ ಮಾತ್ರ ಹಾಗೇ ಇರಲಿ.