ಕಾರಿಗೆ ಸೈಕಲ್ ಏರಿಸುವ ಮುನ್ನ: ರ್ಯಾಕ್ ಆಯ್ಕೆ ಮತ್ತು ಕಾನೂನು

ಪುಣೆಯ ಕೊಂಢವಾದಲ್ಲಿ ಇರುವವರಿಗೆ ಸೈಕಲ್ ತುಳಿಯಲು ಒಳ್ಳೆಯ ದಾರಿಗಳಿಗೇನೂ ಕೊರತೆಯಿಲ್ಲ. ಯೇವಲೇವಾಡಿ ದಾಟಿದರೆ ಬೋಪದೇವ ಘಾಟ್, ಘಾಟ್ ದಾಟಿದರೆ ಸಾಸವಡದ ಕಡೆಯ ತೆರೆದ ರಸ್ತೆಗಳು, ಪಶ್ಚಿಮಕ್ಕೆ ಹೊರಳಿದರೆ ಖಡಕವಾಸಲಾ ಮತ್ತು ಸಿಂಹಗಡದ ಏರು. ತೊಡಕಿರುವುದು ಅಲ್ಲಿಗೆ ತಲುಪುವುದರಲ್ಲಿ. ಕಾತ್ರಜ–ಕೊಂಢವಾ ರಸ್ತೆಯ ಲಾರಿಗಳ ನಡುವೆ ಮಕ್ಕಳನ್ನು ಕರೆದುಕೊಂಡು ಸೈಕಲ್ ತುಳಿಯಲು ಯಾರಿಗೂ ಧೈರ್ಯ ಬರುವುದಿಲ್ಲ. ಆದ್ದರಿಂದ ಸೈಕಲನ್ನು ಕಾರಿಗೆ ಕಟ್ಟಿ, ಊರು ದಾಟಿದ ಮೇಲೆ ಇಳಿಸಿಕೊಳ್ಳುವ ಯೋಚನೆ ಸಹಜ. ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಇದಕ್ಕೆ ಸಿಗುವ ರ್ಯಾಕ್‌ಗಳು ಮುಖ್ಯವಾಗಿ ಮೂರು ಬಗೆ: ಕಾರಿನ ಛಾವಣಿಯ ಮೇಲಿನದು, ಡಿಕ್ಕಿ ಬಾಗಿಲಿಗೆ ಪಟ್ಟಿಗಳಿಂದ ಬಿಗಿಯುವುದು, ಹಿಂಬದಿಗೆ ಕೊಕ್ಕೆಯ ತೊಲೆ ಕೂರಿಸಿ ಅದರ ಮೇಲೆ ನಿಲ್ಲಿಸುವುದು. ಕೊಳ್ಳುವವರು ಬೆಲೆ ನೋಡುತ್ತಾರೆ, ಎಷ್ಟು ಸೈಕಲ್ ಹಿಡಿಯುತ್ತದೆಂದು ನೋಡುತ್ತಾರೆ, ಎತ್ತಿಡುವುದು ಸುಲಭವೇ ಎಂದು ನೋಡುತ್ತಾರೆ. ಭಾರತದಲ್ಲಿ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಸೈಕಲ್ ಏರಿಸಿದ ಮೇಲೆ ಕಾರಿನ ಹಿಂದೆ ನಿಂತವರಿಗೆ ನಂಬರ್ ಪ್ಲೇಟ್ ಮತ್ತು ದೀಪಗಳು ಪೂರ್ತಿ ಕಾಣುತ್ತವೆಯೇ? ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಆಯ್ಕೆಯ ಕ್ರಮವೇ ತಲೆಕೆಳಗಾಗುತ್ತದೆ. ಸೈಕಲ್ ಕಾರಿನ ಒಳಗೆ ಹಿಡಿದರೆ ಅದೇ ಮೊದಲ ಆಯ್ಕೆ, ಆಗದಿದ್ದರೆ ಛಾವಣಿ, ಹಿಂಬದಿ ಕೊನೆಗೆ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಸೈಕಲ್ ರ್ಯಾಕ್ ಎಂಬ ಹೆಸರು ಬರುವುದಿಲ್ಲ. ಹೆಸರಿಲ್ಲ ಎಂದರೆ ನಿಷೇಧವೂ ಇಲ್ಲ, ವಿಶೇಷ ಅನುಮತಿಯೂ ಇಲ್ಲ. ಸಾಮಾನ್ಯ ನಿಯಮಗಳೇ ಅನ್ವಯ. ಮೊದಲು ಬರುವುದು 52ನೇ ಸೆಕ್ಷನ್. ತಯಾರಕರು ಕೊಟ್ಟ ಮೂಲ ವಿವರಗಳಿಗೂ ನೋಂದಣಿ ಪತ್ರದಲ್ಲಿರುವುದಕ್ಕೂ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಅದು ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನ 4ನೇ ಉಪವಿಧಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದೆಂದಿತು. ಇದನ್ನು ಓದಿ, ಕಾರಿಗೆ ಏನು ಕಟ್ಟಿದರೂ ಅಪರಾಧ ಎಂದು ಹೆದರುವವರಿದ್ದಾರೆ. ಹೆದರಬೇಕಾಗಿಲ್ಲ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂಥ ರಚನೆಯ ಬದಲಾವಣೆ ಎಂದು ಅದೇ 52ನೇ ಸೆಕ್ಷನ್ನಿನ ವಿವರಣೆ ಸ್ಪಷ್ಟಪಡಿಸಿದೆ. ರಂಧ್ರ ಕೊರೆಯದೆ, ಬೆಸುಗೆ ಹಾಕದೆ, ಕ್ಲ್ಯಾಂಪಿನಿಂದ ಬಿಗಿದು ಸಂಜೆ ಬಿಚ್ಚಿಡುವ ರ್ಯಾಕ್ ಆ ವ್ಯಾಖ್ಯೆಯೊಳಗೆ ಬರುತ್ತದೆಂದು ವಾದಿಸುವುದು ಕಷ್ಟ. ಹಿಂಬದಿಯ ಚಾಸಿಗೆ ಬೋಲ್ಟ್ ಹಾಕಿ ಶಾಶ್ವತವಾಗಿ ಕೂರಿಸುವ ತೊಲೆಯ ಮಾತು ಬೇರೆ. ಬುಲ್ ಬಾರ್‌ಗಳ ಮೇಲೆ ಇದೇ 52ನೇ ಸೆಕ್ಷನ್ನಿನಡಿ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿತ್ತು. ಸೈಕಲ್ ಇಲ್ಲದಾಗಲೂ ಚಾಚಿಕೊಂಡಿರುವ ಉಕ್ಕಿನ ತೊಲೆ ಕಾನೂನಿನ ಕಣ್ಣಿಗೆ ಛಾವಣಿಯ ರ್ಯಾಕಿಗಿಂತ ಬುಲ್ ಬಾರಿಗೇ ಹತ್ತಿರ. ಕಾರು ತಯಾರಕರೇ ಕೊಡದ ತೊಲೆಯನ್ನು ಗ್ಯಾರೇಜಿನವರ ಮಾತು ನಂಬಿ ಹಾಕಿಸಿಕೊಳ್ಳಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಎರಡನೆಯದು ನಂಬರ್ ಪ್ಲೇಟ್. ಆಯ್ಕೆ ನಿಜವಾಗಿ ತೀರ್ಮಾನವಾಗುವುದು ಇಲ್ಲಿ. ವಿದೇಶಿ ವೀಡಿಯೋಗಳನ್ನು ನೋಡಿ ಕೊಳ್ಳುವವರು ಹಿಂಬದಿಯ ರ್ಯಾಕನ್ನೇ ಮೆಚ್ಚುತ್ತಾರೆ, ಎತ್ತಿಡುವುದು ಸುಲಭ, ಗಾಳಿಯ ತಡೆ ಕಡಿಮೆ ಎಂದು. ಆ ದೇಶಗಳಲ್ಲಿ ಅದು ಸರಿಯಾದ ಸಲಹೆಯೇ. ಜರ್ಮನಿಯಲ್ಲಿ ಹಿಂದಿನ ಕ್ಯಾರಿಯರ್ ನಂಬರನ್ನು ಮರೆಮಾಡಿದರೆ ಅದೇ ನಂಬರಿನ ಇನ್ನೊಂದು ಪ್ಲೇಟನ್ನು ಕ್ಯಾರಿಯರ್ ಮೇಲೆ ಹಾಕಬೇಕು, ಅದಕ್ಕೆ ಬೆಳಕೂ ಬೀಳಬೇಕು. ಬ್ರಿಟನ್ನಿನಲ್ಲೂ ದೀಪಗಳಿರುವ ಹಲಗೆಯ ಮೇಲೆ ಹೆಚ್ಚುವರಿ ಪ್ಲೇಟ್ ಹಾಕಿಕೊಂಡು ಹೋಗುತ್ತಾರೆ; ಪ್ಲೇಟ್ ಮುಚ್ಚಿದರೆ ದಂಡ 1,000 ಪೌಂಡ್‌ವರೆಗೆ ಇದೆ. ನಮ್ಮಲ್ಲಿ ಹಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮದ ಪ್ರಕಾರ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, ಮುಂದೊಂದು ಹಿಂದೊಂದು ಇರುತ್ತದೆ. ಹಿಂದಿನದನ್ನು ಬಿಚ್ಚಲಾಗದ ಸ್ನ್ಯಾಪ್ ಲಾಕ್‌ನಿಂದ ಕೂರಿಸಿರುತ್ತಾರೆ. ಪ್ರತಿ ಫಲಕಕ್ಕೂ ತನ್ನದೇ ಲೇಸರ್ ಸಂಖ್ಯೆ ಇರುತ್ತದೆ. ನಿಯಮ ಹೇಳುವ ಮೂರನೇ ಗುರುತು ಮುಂಗಾಜಿನ ಮೇಲಿನ ಸ್ಟಿಕ್ಕರ್. ರ್ಯಾಕಿಗೆ ತೂಗುಹಾಕುವ ಪ್ಲೇಟಿಗೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಬರೆಸಿದ ಎಂಎಚ್ 12 ನಂಬರಿನ ಪ್ರತಿಯೊಂದನ್ನು ಸೈಕಲ್ ಚಕ್ರಕ್ಕೆ ಕಟ್ಟಿಕೊಂಡರೆ ಒಂದು ದೋಷ ಮುಚ್ಚಲು ಹೋಗಿ ಇನ್ನೊಂದು ಮಾಡಿದಂತಾಗುತ್ತದೆ. ಜೊತೆಗೆ 105ನೇ ನಿಯಮವಿದೆ: ಕತ್ತಲಾದ ಮೇಲೆ ಹಿಂದಿನ ನಂಬರ್ ಬಿಳಿ ಬೆಳಕಿನಲ್ಲಿ 15 ಮೀಟರ್ ದೂರದಿಂದ ಓದಲು ಬರಬೇಕು, ಕೆಂಪು ದೀಪಗಳು ದೂರದಿಂದ ಕಾಣಬೇಕು. ಪಟ್ಟಿಯ ರ್ಯಾಕಿನಲ್ಲಿ ಎರಡು ಸೈಕಲ್ ತೂಗಿದರೆ ಪೆಡಲ್, ಚಕ್ರ, ಫ್ರೇಮುಗಳ ಹಿಂದೆ ಈ ಎರಡೂ ಉಳಿಯುವುದು ಅಪರೂಪ. ಪ್ಲೇಟಿನ ತಪ್ಪಿಗೆ ಬೇರೆ ವಿಶೇಷ ದಂಡ ಹಾಕದಿದ್ದರೂ 177ನೇ ಸೆಕ್ಷನ್ನಿನ ಸಾಮಾನ್ಯ ದಂಡ, ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ಬೀಳಬಹುದು. ದಂಡದ ಮೊತ್ತಕ್ಕಿಂತ ನನಗೆ ಮುಖ್ಯವೆನಿಸುವುದು ಹಿಂದೆ ಬರುವ ಲಾರಿ ಚಾಲಕನಿಗೆ ಬ್ರೇಕ್ ಲೈಟ್ ಕಾಣುವುದು.

ಮೂರನೆಯದು ಹೊರಚಾಚು. ಹೇರು ವಾಹನದ ಮೈಯಿಂದ ಪಕ್ಕಕ್ಕೆ ಅಥವಾ ಹಿಂಬದಿಯ ಕೊನೆಯಿಂದ ಆಚೆಗೆ ಚಾಚಬಾರದು ಎಂದು 93ನೇ ನಿಯಮ ಹೇಳುತ್ತದೆ. ಅನುಮತಿಸಿದ ಮಿತಿ ಮೀರಿ ಚಾಚಿದ ಹೇರಿಗೆ 194(1ಎ) ಸೆಕ್ಷನ್ನಿನಡಿ ದಂಡ 20,000 ರೂಪಾಯಿ, ಜೊತೆಗೆ ಹೇರು ಇಳಿಸುವ ಖರ್ಚು. ಹೇರನ್ನು ಸರಿಪಡಿಸುವವರೆಗೆ ವಾಹನ ಮುಂದೆ ಚಲಿಸುವಂತಿಲ್ಲ. ಓಡಿಸಿದವರು ಮಾತ್ರವಲ್ಲ, ಓಡಿಸಲು ಬಿಟ್ಟವರೂ ಹೊಣೆಗಾರರು. ಇಲ್ಲಿ ಒಂದು ಅಳತೆ ಮಾಡಿ ನೋಡಿ. ದೊಡ್ಡವರ ಸೈಕಲ್ ಚಕ್ರದ ತುದಿಯಿಂದ ತುದಿಗೆ ಸುಮಾರು 170ರಿಂದ 180 ಸೆಂಟಿಮೀಟರ್. ನಮ್ಮ ಸಣ್ಣ ಕಾರುಗಳ ಅಗಲ ಹೆಚ್ಚುಕಡಿಮೆ 165ರಿಂದ 175. ಡಿಕ್ಕಿಯ ಮೇಲೆ ಅಡ್ಡಲಾಗಿ ತೂಗುಹಾಕಿದ ಸೈಕಲ್ ಎರಡೂ ಪಕ್ಕಕ್ಕೆ ಚಕ್ರ ಹೊರಹಾಕಿಕೊಂಡೇ ಹೋಗುತ್ತದೆ, ಪಕ್ಕದಲ್ಲಿ ನುಗ್ಗುವ ಬೈಕ್ ಸವಾರನ ಮೊಣಕಾಲಿನ ಮಟ್ಟದಲ್ಲೇ. ಬೇರೆ ದಾರಿಯಿಲ್ಲದೆ ಹಿಂಬದಿಯ ರ್ಯಾಕನ್ನೇ ಬಳಸುವವರು ಕನಿಷ್ಠ ಮುಂಚಕ್ರ ಬಿಚ್ಚಿ ಒಳಗಿಡಬೇಕು.

ಈ 20,000ದ ದಂಡ ಕಬ್ಬಿಣದ ಸರಳು ಹೊತ್ತ ಲಾರಿಗಳಿಗಲ್ಲವೇ, ಕಾರಿಗೇಕೆ ಎಂಬ ಆಕ್ಷೇಪ ಸಾಮಾನ್ಯ. ಶಾಸನ ರೂಪಿಸುವಾಗ ಲಾರಿಗಳೇ ಕಣ್ಣ ಮುಂದಿದ್ದಿರಬಹುದು. ಆದರೆ ಸೆಕ್ಷನ್ನಿನ ಮಾತು ‘ಮೋಟಾರು ವಾಹನ’ ಎಂದಿದೆ, ಸರಕು ವಾಹನ ಎಂದಲ್ಲ. ಬಿಗಿದ ರ್ಯಾಕ್ ವಾಹನದ ಭಾಗವೇ ಆದ್ದರಿಂದ ಹಿಂಬದಿಯ ಕೊನೆ ಎಂದರೆ ರ್ಯಾಕಿನ ಕೊನೆ ಎಂದು ನ್ಯಾಯಾಲಯದಲ್ಲಿ ವಾದಿಸಬಹುದು. ಆ ವಾದದಲ್ಲಿ ತಿರುಳಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಭಾನುವಾರದ ಸವಾರಿಗೆ ಹೊರಟ ಕುಟುಂಬ ಒಂದು ವ್ಯಾಖ್ಯಾನದ ಮೇಲೆ 20,000 ರೂಪಾಯಿ ಪಣ ಕಟ್ಟಬೇಕಾದ ಅಗತ್ಯವಿಲ್ಲ. ಇನ್ನೊಂದು ಆಕ್ಷೇಪ, ಇಷ್ಟೊಂದು ಕಾರುಗಳು ಹಿಂದೆ ಸೈಕಲ್ ಕಟ್ಟಿಕೊಂಡು ಓಡಾಡುತ್ತವೆ, ಪೊಲೀಸರು ತಡೆಯುವುದಿಲ್ಲ ಎಂಬುದು. ತಡೆಯದಿರುವುದು ಅನುಮತಿಯಲ್ಲ. ಹಿಂದಿನಿಂದ ಯಾರೋ ಬಂದು ಗುದ್ದಿದ ದಿನ, ದೀಪ ಕಾಣಲಿಲ್ಲ ಎಂಬ ಒಂದೇ ಮಾತು ಎದುರು ಪಕ್ಷದ ಕೈಯಲ್ಲಿ ಬಲವಾದ ವಾದವಾಗುತ್ತದೆ. ಬಹಿರಂಗವಾಗಿ ಮಾರುತ್ತಾರಲ್ಲ ಎನ್ನುವವರಿಗೂ ಉತ್ತರ ಇಷ್ಟೇ: ಮಾರುವುದಕ್ಕೆ ತಡೆಯಿಲ್ಲ ಎಂದಾಕ್ಷಣ ರಸ್ತೆಯಲ್ಲಿ ಬಳಸುವ ರೀತಿಗೆ ಒಪ್ಪಿಗೆ ಸಿಕ್ಕಂತಲ್ಲ.

ಛಾವಣಿಯ ರ್ಯಾಕಿಗೆ ತನ್ನದೇ ತೊಂದರೆಗಳಿವೆ. ಸೈಕಲ್ ಉದ್ದಕ್ಕೆ ನಿಲ್ಲುವುದರಿಂದ ಪ್ಲೇಟ್, ದೀಪ, ಪಕ್ಕ ಎಲ್ಲವೂ ಬಿಡುವಾಗಿರುತ್ತವೆ. ಎತ್ತರದ ಕಾನೂನು ಮಿತಿ ಬಸ್ಸಿಗೂ ಸಾಕಾಗುವಷ್ಟಿರುವುದರಿಂದ ಆ ಚಿಂತೆಯೂ ಇಲ್ಲ. ಆದರೆ ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಒಂದು ಮೀಟರ್ ದಾಟುವ ಸೈಕಲ್ ನಿಂತರೆ ಒಟ್ಟು ಎರಡೂವರೆ ಮೀಟರಿಗಿಂತ ಹೆಚ್ಚಾಗುತ್ತದೆ. ಎನ್‌ಐಬಿಎಂ ರಸ್ತೆಯ ಹೌಸಿಂಗ್ ಸೊಸೈಟಿಗಳಾಗಲಿ ಮಾಲ್‌ಗಳಾಗಲಿ, ನೆಲಮಾಳಿಗೆಯ ಬಾಗಿಲಲ್ಲಿ ಬರೆದಿರುವ ಎತ್ತರವನ್ನು ಮೊದಲು ಓದಬೇಕು. ಇಳಿಸಿ ಒಳಹೋಗುವುದೇ ಹೆಚ್ಚು ಕಡೆ ಗತಿ. ಕಾರಿನ ಕೈಪಿಡಿಯಲ್ಲಿ ಛಾವಣಿ ಹೊರಬಲ್ಲ ತೂಕ ಬರೆದಿರುತ್ತದೆ. ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ 50ರಿಂದ 75 ಕಿಲೋ, ರ್ಯಾಕಿನ ಸ್ವಂತ ತೂಕವೂ ಅದರಲ್ಲೇ ಸೇರಿ. ಕೆಲವು ಮಾದರಿಗಳಲ್ಲಿ ಕಾಣುವ ಛಾವಣಿಯ ಪಟ್ಟಿ ಬರೀ ಅಲಂಕಾರಕ್ಕೆ, ತೂಕ ಹೊರುವುದಕ್ಕಲ್ಲ. ಬೆನ್ನುನೋವಿನವರಿಗೆ, ವಯಸ್ಸಾದವರಿಗೆ 15 ಕಿಲೋದ ಸೈಕಲನ್ನು ತಲೆಯ ಮೇಲೆ ಎತ್ತುವುದು ಆಗದ ಮಾತು. 20 ಕಿಲೋ ದಾಟುವ ಎಲೆಕ್ಟ್ರಿಕ್ ಸೈಕಲಂತೂ ಬೇಡವೇ ಬೇಡ. ಅಂಥವರಿಗೆ ಹಿಂದಿನ ಸೀಟು ಮಡಚಿ, ಚಕ್ರ ಬಿಚ್ಚಿ, ಸೈಕಲನ್ನು ಮುಂದಕ್ಕೆ ಜಾರದಂತೆ ಬಿಗಿದು ಒಳಗೇ ಇಡುವುದು ಸರಿಯಾದ ದಾರಿ. ದುಡ್ಡೂ ಉಳಿಯುತ್ತದೆ, ಮೇಲೆ ಹೇಳಿದ ಒಂದು ನಿಯಮವೂ ಅಡ್ಡಬರುವುದಿಲ್ಲ.

ಕೊಳ್ಳುವುದೇ ಆದರೆ ಕಾಗದ ಗಟ್ಟಿಯಾಗಿರಲಿ. ಬಿಲ್ಲಿನಲ್ಲಿ ರ್ಯಾಕಿನ ಮಾದರಿ, ಹೊರುವ ತೂಕ, ನಿಮ್ಮ ಕಾರಿನ ಮಾದರಿಗೆ ಹೊಂದುತ್ತದೆಂಬ ಮಾತು ಬರೆಸಿಕೊಳ್ಳಿ. ಆಮದಾದ ಮಾಲಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ ಇರಲೇಬೇಕು. ಇಲ್ಲದ್ದನ್ನು ಮುಟ್ಟಬೇಡಿ, ಏಕೆಂದರೆ ಪಟ್ಟಿ ಕಿತ್ತು ಹಾನಿಯಾದ ದಿನ ಹಿಡಿದು ಕೇಳಲು ಯಾರೂ ಇರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಲ್ಲಿ, ತಯಾರಿಕೆಯ ದೋಷಕ್ಕೆ ಮಾತ್ರವಲ್ಲ, ಸರಿಯಾಗಿ ಬಳಸುವ ಸೂಚನೆ ಅಥವಾ ಎಚ್ಚರಿಕೆ ಕೊಡದಿದ್ದಕ್ಕೂ ತಯಾರಕರು ಪರಿಹಾರ ಕೊಡಬೇಕಾಗುತ್ತದೆ. ಕೈಪಿಡಿಗೆ ವಿರುದ್ಧವಾಗಿ ಬಳಸಿದವರಿಗೆ ಮಾತ್ರ ಈ ರಕ್ಷಣೆ ಸಿಗದು. ಮೊದಲು 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದ ಕಂಪನಿ ದೆಹಲಿಯಲ್ಲಿರಲಿ ಬೆಂಗಳೂರಿನಲ್ಲಿರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಕೊಂಢವಾದವರು ಪುಣೆಯಲ್ಲೇ, ಅರ್ಜಿ ಹಾಕಲು ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಗಡುವು ಎರಡು ವರ್ಷ.

ವಿಮೆಯ ವಿಷಯದಲ್ಲಿ ಎರಡು ಸಂಗತಿ ಬೇರೆಬೇರೆಯಾಗಿ ನೋಡಬೇಕು. ಕಾರಿನ ಪಾಲಿಸಿ ಕಾರಿಗೆ. ಮೇಲೆ ಹೊತ್ತ ಸೈಕಲ್ ಕಳುವಾದರೆ ಅಥವಾ ಮುರಿದರೆ ಅದಕ್ಕೆ ಸಾಮಾನ್ಯವಾಗಿ ಪರಿಹಾರ ಬರುವುದಿಲ್ಲ, ಪ್ರತ್ಯೇಕ ವಿಮೆ ಬೇಕು. ರ್ಯಾಕನ್ನು ಬಿಡಿಭಾಗವೆಂದು ಸೇರಿಸುವಂತೆ ವಿಮಾ ಕಂಪನಿಗೆ ಇಮೇಲ್ ಬರೆದು, ಅವರ ಉತ್ತರವನ್ನು ಇಟ್ಟುಕೊಳ್ಳಿ. ಮುಂದೆಂದೋ ರ್ಯಾಕಿನ ನೆಪ ಹೇಳಿ ಕ್ಲೇಮನ್ನು ಪೂರ್ತಿ ತಿರಸ್ಕರಿಸಿದರೆ ಸುಮ್ಮನಾಗಬೇಡಿ. ಪಾಲಿಸಿಯ ಷರತ್ತು ಮುರಿದಿದ್ದರೂ ಇಡೀ ಮೊತ್ತ ನಿರಾಕರಿಸದೆ ಒಂದು ಪಾಲು ಕೊಡಬೇಕೆಂದು ಸುಪ್ರೀಂ ಕೋರ್ಟ್ 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಹೇಳಿದ್ದಿದೆ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಲ್ಲಿ ಸಮಾಧಾನ ಸಿಗದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಪುಣೆಯಲ್ಲೇ ಅದರ ಕಚೇರಿ ಇದೆ, ಶುಲ್ಕವಿಲ್ಲ.

ದಾರಿಯಲ್ಲಿ ಪೊಲೀಸರು ತಡೆದರೆ ಯಾವ ಸೆಕ್ಷನ್ ಎಂದು ವಿನಯದಿಂದ ಕೇಳುವುದು ನಾಗರಿಕರ ಹಕ್ಕು. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿರುವ ಆರ್‌ಸಿ, ಲೈಸೆನ್ಸ್ 139ನೇ ನಿಯಮದಡಿ ಮಾನ್ಯ. ನಂಬರ್, ದೀಪ, ಎರಡೂ ಪಕ್ಕ ಕಾಣುವಂತೆ ಹೊರಡುವ ಮುಂಚೆ ತೆಗೆದಿಟ್ಟ ಫೋಟೋ ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುತ್ತದೆ. ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವುದು 200ನೇ ಸೆಕ್ಷನ್ನಿನ ರಾಜಿ ವ್ಯವಸ್ಥೆ. ಅದಕ್ಕೆ ಒಪ್ಪಲೇಬೇಕೆಂದಿಲ್ಲ, ಚಲನ್ ಪಡೆದು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ರಸೀದಿ ಇಲ್ಲದೆ ದುಡ್ಡು ಕೊಡಬಾರದು. ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಗೆ ಸೈಕಲ್ ಒಯ್ಯುವ ಕನ್ನಡಿಗರು ಗಮನಿಸಬೇಕಾದದ್ದು, ಕಾಯ್ದೆ ಎರಡೂ ರಾಜ್ಯಕ್ಕೆ ಒಂದೇ, ಆದರೆ ಸ್ಥಳದಲ್ಲಿ ಕಟ್ಟಿಸಿಕೊಳ್ಳುವ ಮೊತ್ತವನ್ನು ಆಯಾ ರಾಜ್ಯವೇ ಗೊತ್ತುಮಾಡುತ್ತದೆ.

ಇಷ್ಟಾದ ಮೇಲೂ ನಿಮ್ಮ ಆಯ್ಕೆಯ ರ್ಯಾಕಿನ ಬಗ್ಗೆ ಅನುಮಾನ ಉಳಿದರೆ, ಸಾರಿಗೆ ಇಲಾಖೆ ಈ ಬಗ್ಗೆ ಸುತ್ತೋಲೆ ಹೊರಡಿಸಿದೆಯೇ, ಇದ್ದರೆ ಪ್ರತಿ ಕೊಡಿ ಎಂದು ಪುಣೆ ಆರ್‌ಟಿಓ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ನನ್ನ ರ್ಯಾಕ್ ಸರಿಯೇ’ ಎಂದು ಅಭಿಪ್ರಾಯ ಕೇಳಿದರೆ ಅರ್ಜಿ ತಿರಸ್ಕೃತವಾಗುತ್ತದೆ. ಕಡತದಲ್ಲಿರುವ ದಾಖಲೆಯನ್ನೇ ಕೇಳಬೇಕು. ಮಹಾರಾಷ್ಟ್ರದಲ್ಲಿ ಅರ್ಜಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು.